ನೀರು ತಿಂದ ತೂಕ

ಮಾರ್ಚ್ ೪, ಮಂಗಳವಾರ

ಪ್ರೀತಿಯ ಮಗಳಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಾವಿಬ್ಬರೂ ಆರಾಮವಾಗಿದ್ದೇವೆ. ನೀನು, ಅಪ್ಪ, ಅಮ್ಮ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರ ದಾಟಿತು. ಬಿಡುವಿರಲಿಲ್ಲ ಎಂದು ಬರೆಯೋಣವೆಂದರೆ ನಿನ್ನ ದೊಡ್ಡಮ್ಮ ಎದುರಿಗೇ ಕುಳಿತು ಬಟಾಣಿ ಸುಲಿಯುತ್ತಿದ್ದಾಳೆ. "ಬಿಡುವಿಲ್ಲದೋರು ದಿನಾ ಮಧ್ಯಾಹ್ನ ಬಾಯ್ ತೆರ್ಕೊಂಡು ಗೊರಕೆ ಹೊಡೀತಾರಾ, ಅದನ್ನೂ ಬರೀರಿ" ಅನ್ನುತ್ತಾಳೆ. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಕೈ ಓಡಲಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನಪ್ಪನಿಗೆ ಫೋನು ಕೊಟ್ಟರೆ ಎರಡೇ ಮಾತು, ಒಂದು "ಹ್ಞೂ", ಇನ್ನೊಂದು "ಇಡ್ತೀನಿ". ಪತ್ರವಾದರೆ ನೀನು ಓದುತ್ತೀಯ, ಅವನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳುತ್ತಾನೆ. ಹೊಸ ಕಣ್ಣಿನ ಡಾಕ್ಟರು "ಪೆಟ್ಟು ಹೇಗೆ ಬಿತ್ತು" ಎಂದು ಕೇಳಿದಾಗ ಅಪ್ಪ "ನನ್ನದೇ ಅಜಾಗರೂಕತೆ" ಅಂದು ಸುಮ್ಮನಾದನಂತೆ. ಡಾಕ್ಟರಿಗೆ ವಿವರ ಬೇಕಂತೆ. ಪೆಟ್ಟು ಬಿದ್ದಾಗ ನೀನು ನಾಲ್ಕು ವರ್ಷದ ಮಗು, ಕಥೆಯನ್ನು ತುಂಡು ತುಂಡಾಗಿ ಕೇಳಿದ್ದೀಯ. ಒಟ್ಟಿಗೆ ಬರೆಯುತ್ತೇನೆ. ತಮ್ಮಾ, ಎಲ್ಲಾದರೂ ತಪ್ಪಿದರೆ ಮಗಳ ಕೈಯಲ್ಲಿ ತಿದ್ದಿಸು.

ನಾವಿಬ್ಬರೂ ವರ್ಕ್‌ಶಾಪಿನಲ್ಲಿ ಲೇತ್ ಹಿಡಿದು ಬೆಳೆದವರು. ಹಳೆಯ ಫಿರಂಗಿ ಗುಂಡುಗಳ ಹುಚ್ಚು ನನಗೆ ಹೇಗೆ ಹತ್ತಿತೋ, ಪುಸ್ತಕ ತರಿಸಿ ತರಿಸಿ ಓದಿದೆ. ಕೋಟೆಯ ಸಂಗ್ರಹಾಲಯದವರು ಗುಂಡು ಗುರುತಿಸಲು ನನ್ನನ್ನು ಕರೆದರು. ಗುಂಡುಗಳನ್ನು ಕಂಬಿಯ ಮೇಲೆ ನಿಲ್ಲಿಸುವ ಕೆಲಸಕ್ಕೆ ನಿನ್ನಪ್ಪನನ್ನು ನಾನೇ ಕರೆದುಕೊಂಡು ಹೋದೆ. ಕೆಲಸ ಹೀಗೆ: ಕ್ಯಾಲಿಪರ್ ಹಿಡಿದು ಮೂರು ಕಡೆ ಅಡ್ಡಳತೆ ನೋಡುವುದು, ತಕ್ಕಡಿಯಲ್ಲಿ ಇಡುವುದು. ಇಷ್ಟು ದಪ್ಪದ ಎರಕದ ಕಬ್ಬಿಣ ಇಷ್ಟು ತೂಗಲೇಬೇಕು ಎಂದು ಲೆಕ್ಕವಿದೆ. ತೂಗಿದರೆ ಗಟ್ಟಿ ಗುಂಡು. ಕಡಿಮೆಯಾದರೆ ಒಳಗೆ ಟೊಳ್ಳು, ಟೊಳ್ಳಿನೊಳಗೆ ಮದ್ದು ಇರಬಹುದು. ಗಟ್ಟಿಯಾದದ್ದರ ಮೇಲೆ ನಾನು ಸೀಮೆಸುಣ್ಣದಲ್ಲಿ ಸೊನ್ನೆ ಹಾಕುತ್ತಿದ್ದೆ, ಟೊಳ್ಳಿನ ಮೇಲೆ ಇಂಟು. ಸೊನ್ನೆ ಇದ್ದರೆ ನಿನ್ನಪ್ಪ ತಳದಲ್ಲಿ ತೂತು ಕೊರೆದು ಕಂಬಿ ಕೂರಿಸುತ್ತಿದ್ದ. ಇಂಟು ಇದ್ದರೆ ಮುಟ್ಟುತ್ತಿರಲಿಲ್ಲ. ನಮ್ಮ ನಡುವೆ ಬೇರೆ ಮಾತೇ ಬೇಕಿರಲಿಲ್ಲ.

ಆ ವರ್ಷ ಕೋಟೆಯ ಕಂದಕದ ಹೂಳೆತ್ತಿದಾಗ ಒಂದು ರಾಶಿ ಗುಂಡು ಸಿಕ್ಕಿತು. ಅದರಲ್ಲೊಂದನ್ನು ನಿನ್ನಪ್ಪ ಕೊರೆಯುವಾಗ ಸಿಡಿಯಿತು. ಬಲಗೈಯ ಮೂರು ಬೆರಳು, ಒಂದು ಕಣ್ಣು ಪೂರ್ತಿ, ಇನ್ನೊಂದು ಮುಕ್ಕಾಲು ಹೋದವು. ವಿಚಾರಣೆಯಲ್ಲಿ ಆ ಗುಂಡಿನ ಮೇಲೆ ಯಾವ ಗುರುತಿತ್ತು ಎಂದು ಕೇಳಿದರು. ಇಂಟು ಎಂದು ನಾನು ಹೇಳಿದೆ. ಅವನೂ ಒಪ್ಪಿಕೊಂಡ. ಅಜಾಗರೂಕತೆ ಎಂದು ಬರೆದು ಅವನನ್ನು ಕೆಲಸದಿಂದ ತೆಗೆದರು. ನಾನು ಅಲ್ಲಿಯೇ ಉಳಿದೆ. ಡಾಕ್ಟರಿಗೆ ಇಷ್ಟು ಸಾಕು ಅನ್ನಿಸುತ್ತದೆ.

ಇನ್ನು ಇಲ್ಲಿನ ಸುದ್ದಿ. ಸಂಗ್ರಹಾಲಯಕ್ಕೆ ಹೊಸ ಕ್ಯುರೇಟರ್ ಮೇಡಂ ಬಂದಿದ್ದಾರೆ. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೊಸ ಹಾಲ್ ತೆರೆಯುವ ಮೊದಲು ಗುಂಡುಗಳ ವಿವರದ ಚೀಟಿಗಳನ್ನೆಲ್ಲ ಮತ್ತೊಮ್ಮೆ ನೋಡಿಕೊಡಿ ಎಂದು, ನಿವೃತ್ತಿಯಾಗಿ ಮನೆಯಲ್ಲಿದ್ದ ನನ್ನನ್ನು ಕರೆಸಿದರು. ಜನ ತಂದುಕೊಟ್ಟದ್ದನ್ನೆಲ್ಲ ಹರಡಿಕೊಂಡು ಕೂತಿದ್ದೇವೆ. ಒಬ್ಬ ಮಹಾರಾಯರು ಮುತ್ತಜ್ಜನ ಕಾಲದ ಫಿರಂಗಿ ಗುಂಡು ಎಂದು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದದ್ದು ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಅರೆಯುವ ಗುಂಡು. ಇನ್ನೊಂದು ಶಾಲೆಯ ಆಟದ ಮೈದಾನದಲ್ಲಿ ಎಸೆಯುವಂಥದು. "ಇದರಿಂದ ಯಾವ ಯುದ್ಧ ಗೆದ್ರಂತೆ" ಎಂದು ಮೇಡಂ ಕೇಳಿದರು. "ಅಂತರ್‌ಶಾಲಾ ಯುದ್ಧ" ಅಂದೆ. ನಕ್ಕರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಅಲ್ಲಿ 'ಮುಟ್ಟಿ ನೋಡಿ' ಎಂಬ ಮೇಜೊಂದಿದೆ. ಅದರ ಮೇಲೆ ಒಂದು ಗುಂಡು, ಶಾಲೆಯ ಮಕ್ಕಳು ಎತ್ತಿ ನೋಡಲೆಂದು. ಅದೂ ಅದೇ ಕಂದಕದ್ದೇ. ಮೇಡಂ ಅದನ್ನೂ ತಕ್ಕಡಿಗೆ ಇಟ್ಟರು. ಐದು ಕಿಲೋ ಏಳುನೂರು ಗ್ರಾಂ ಇರಬೇಕಾದದ್ದು ಐದು ಕಿಲೋ ಇನ್ನೂರು.

"ಅರ್ಧ ಕಿಲೋ ಎಲ್ಲಿ ಹೋಯ್ತು ಸರ್?"

"ನೀರು ತಿಂದಿದೆ" ಅಂದೆ. "ಕಂದಕದಲ್ಲಿ ಇನ್ನೂರು ವರ್ಷ ಬಿದ್ದಿದ್ದ ಕಬ್ಬಿಣ. ಹತ್ತರಲ್ಲೊಂದು ಪಾಲು ಹೋಗೇ ಹೋಗುತ್ತೆ. ಅದಕ್ಕೇ ಚೀಟಿಯಲ್ಲಿ 'ನೀರು ತಿಂದದ್ದು' ಅಂತ ಬರೆದಿದ್ದೀನಿ ನೋಡಿ."

"ಈ ಹತ್ತರಲ್ಲೊಂದು ಅನ್ನೋದು ಯಾವ ಪುಸ್ತಕದಲ್ಲಿದೆ?"

ಪುಸ್ತಕದಲ್ಲಿಲ್ಲ, ನನ್ನ ಅನುಭವದಲ್ಲಿದೆ ಎಂದೆ. ಅವರು ಒಂದು ನಿಮಿಷ ಗುಂಡನ್ನೇ ನೋಡಿದರು. ಗುರುವಾರ ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಮೇಜಿನಿಂದ ತೆಗೆದಿಡೋಣವೇ ಎಂದು ಮೆಲ್ಲಗೆ ಕೇಳಿದರು. ನನಗೆ ಮೈ ಉರಿಯಿತು ಮಗಳೇ. ನಲವತ್ತು ವರ್ಷ ಕಬ್ಬಿಣ ಮುಟ್ಟಿದ ಕೈ ಇದು. "ನಾನು ಗಟ್ಟಿ ಅಂತ ಬರೆದ ಮೇಲೆ ಗಟ್ಟಿನೇ" ಅಂದುಬಿಟ್ಟೆ. ಹಿರಿಯರೆಂದು ಅವರು ತಕ್ಕಡಿ ಎತ್ತಿಟ್ಟರು. ಗುಂಡು ಮೇಜಿನ ಮೇಲೆಯೇ ಉಳಿಯಿತು.

ಕಣ್ಣಿನ ಡ್ರಾಪ್ಸ್ ತಪ್ಪಿಸದೆ ಹಾಕು. ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ದೊಡ್ಡಪ್ಪ


ಮಾರ್ಚ್ ೧೦, ಸೋಮವಾರ

ಪ್ರೀತಿಯ ಮಗಳಿಗೆ,

ಆಶೀರ್ವಾದ. ಈ ಪತ್ರವನ್ನು ಅಪ್ಪನಿಗೆ ಈಗಲೇ ಓದಬೇಡ. ಮೊದಲು ನೀನು ಓದಿಕೋ.

ಸಂಗ್ರಹಾಲಯದ ಗೇಟಿನ ಹೊರಗೆ ಕಾವಲುಗಾರನ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಸೋಮವಾರ ರಜೆ, ಒಳಗೆ ಯಾರೂ ಇಲ್ಲ. ಉಗ್ರಾಣದಲ್ಲಿ ಮರಳಿನ ಬಕೆಟ್ಟಿನೊಳಗೆ ಆ ಗುಂಡು ಒಂದೇ ಕೂತಿದೆ. ಬಾಂಬ್ ದಳದವರು ಬರುತ್ತಿದ್ದಾರೆ. ಬರುವವರೆಗೆ ಯಾರನ್ನೂ ಒಳಗೆ ಬಿಡಬಾರದು. ಕಾವಲುಗಾರನನ್ನು ನಾವು ಮೀಸೆ ಅನ್ನುತ್ತೇವೆ. ಅವನು ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದಾನೆ. ನನ್ನನ್ನೂ ಕರೆಯುತ್ತಿದ್ದಾನೆ, ನಾನು ಹೋಗಲಿಲ್ಲ.

ಗುರುವಾರ ಮಕ್ಕಳು ಬಂದರು, ಮೂವತ್ತೆಂಟು ಮಂದಿ. ಸಾಲಾಗಿ ನಿಂತು ಒಬ್ಬೊಬ್ಬರೇ ಎತ್ತಿದರು. ಎರಡು ಜಡೆಯ ಒಬ್ಬ ಹುಡುಗಿ, ನಮ್ಮ ಮೇಜಿಗಿಂತ ಎರಡು ಗೇಣು ಎತ್ತರ ಇದ್ದಾಳೇನೋ, "ನಾನು ಒಂದೇ ಕೈಯಲ್ಲಿ ಎತ್ತೀನಿ" ಎಂದು ಪಣ ಕಟ್ಟಿದಳು. ಎತ್ತಿಯೂ ಎತ್ತಿದಳು. ಆಮೇಲೆ ಕೈ ಜಾರಿ ಗುಂಡು ಕಲ್ಲು ಚಪ್ಪಡಿಯ ಮೇಲೆ ಬಿತ್ತು. ಢಣ್ ಎಂದು ಹಾಲ್ ತುಂಬ ಕೇಳಿಸಿತು. ಮಕ್ಕಳೆಲ್ಲ ಹೋ ಎಂದು ನಕ್ಕರು. ಟೀಚರ್ ನಕ್ಕರು. ನಾನೂ ನಕ್ಕೆ. ಮೇಡಂ ಮಾತ್ರ ನಗಲಿಲ್ಲ. ಅವರ ಮುಖ ಗೋಡೆಯ ಬಣ್ಣಕ್ಕೆ ತಿರುಗಿತ್ತು.

ಎತ್ತಿಡಲು ಹೋದಾಗ ನೋಡಿದೆ. ಬಿದ್ದ ಕಡೆ ತುಕ್ಕಿನ ಸಿಪ್ಪೆ ಹಾರಿ ಒಳಗಿನ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಮಗಳೇ, ನಿನಗೆ ಇದು ಏನೂ ಅನ್ನಿಸಲಿಕ್ಕಿಲ್ಲ, ನಿನ್ನಪ್ಪನಿಗೆ ಹೇಳಿದರೆ ಎದ್ದು ಕೂರುತ್ತಾನೆ. ನೀರು ತಿಂದ ಎರಕದ ಕಬ್ಬಿಣದ ಆಕಾರ ಹಾಗೆಯೇ ಇರುತ್ತದೆ, ಸತ್ತ್ವ ಹೋಗಿರುತ್ತದೆ. ಚಾಕುವಿನಲ್ಲಿ ಕೆರೆದರೆ ಪೆನ್ಸಿಲ್ಲಿನ ಸೀಸದ ಹಾಗೆ ಮೆತ್ತಗೆ ಕಪ್ಪು ಪುಡಿ ಉದುರುತ್ತದೆ. ಈ ಗುಂಡು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ನೀರು ಇದರ ಮೈಯ ಮೇಲ್ಪದರವನ್ನೂ ಸರಿಯಾಗಿ ತಿಂದಿರಲಿಲ್ಲ. ಹಾಗಿದ್ದರೆ ಆ ಅರ್ಧ ಕಿಲೋ ಎಲ್ಲಿ ಹೋಯಿತು?

ಆಗಲೇ ಮೇಡಂ ಹತ್ತಿರ ಹೇಳಬೇಕಿತ್ತು. ನಾನು ಹೇಳಿದ್ದು "ಮೇಜಿನ ಕಾಲು ಸಡಿಲ ಇದೆ, ಗುಂಡು ಒಳಗಿಡ್ತೀನಿ" ಎಂದು. ಉಗ್ರಾಣದಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಮೂರು ದಿನ ಯಾರಿಗೂ ಹೇಳಲಿಲ್ಲ. ಊಟ ಸೇರಲಿಲ್ಲ. ದೊಡ್ಡಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ "ಏನ್ರೀ, ನಿಮ್ಮ ಮುಖ ನೋಡಿದ್ರೆ ಯಾರೋ ನಿಮ್ಮನ್ನೇ ತಕ್ಕಡಿಗೆ ಹಾಕಿ ಕಡಿಮೆ ಬಂತು ಅಂದಂಗಿದೆ" ಅಂದಳು. ಅವಳಿಗೆ ಗುಂಡಿನ ವಿಷಯ ಒಂದಕ್ಷರ ಗೊತ್ತಿರಲಿಲ್ಲ. ಆದರೂ ಅಂದಳು.

ಇವತ್ತು ಬೆಳಗ್ಗೆ ಒಬ್ಬನೇ ಬಂದೆ. ಮಾಡಬಾರದ ಕೆಲಸ, ಬೇರೆ ಯಾರಾದರೂ ಮಾಡಿದ್ದರೆ ನಾನೇ ಕೆನ್ನೆಗೆ ಬಾರಿಸುತ್ತಿದ್ದೆ. ಸಮತಟ್ಟಾದ ಉಕ್ಕಿನ ತಟ್ಟೆಯನ್ನು ಮಟ್ಟ ನೋಡುವ ರಸಮಟ್ಟ ಇಟ್ಟು ಸರಿಮಾಡಿಕೊಂಡೆ. ಗುಂಡಿನ ತಲೆಯ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟು ಮೆಲ್ಲಗೆ ಕೈ ಬಿಟ್ಟೆ. ಪೂರ್ತಿ ಗಟ್ಟಿ ಇದ್ದರೆ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಮೇಲೂ ಒಂದೇ ಕೆಳಗೂ ಒಂದೇ. ಇದು ನಿಲ್ಲಲಿಲ್ಲ. ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸಿದ ಹಾಗೆ ನಿಧಾನವಾಗಿ ಹೊರಳಿತು. ಚುಕ್ಕೆ ಪಕ್ಕಕ್ಕೆ ಹೋಯಿತು. ಮತ್ತೊಮ್ಮೆ ಇಟ್ಟೆ, ಅಲ್ಲಿಗೇ ಹೊರಳಿತು. ಮೂರನೆಯ ಸಲವೂ ಅಲ್ಲಿಗೇ. ಪ್ರತಿ ಸಲವೂ ಒಂದೇ ಜಾಗ ಮೇಲೆ ಬರುತ್ತಿತ್ತು. ಆ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಭೂತಗನ್ನಡಿ ಹಿಡಿದೆ. ಉಂಗುರದಷ್ಟು ಅಗಲದ, ಕೂದಲಿನಷ್ಟು ಸಣ್ಣ ದುಂಡು ಗೆರೆ. ಬತ್ತಿ ಕೂರಿಸುವ ತೂತಿಗೆ ಹಾಕಿದ ಬಿರಡೆ, ತುಕ್ಕು ಹಿಡಿದು ಮೈಯ ಮಟ್ಟಕ್ಕೆ ಕೂತುಬಿಟ್ಟಿದೆ.

ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡೇ ಇದ್ದೆ. ಕೆಳಗಿಡಲು ಹೆದರಿಕೆ, ಹಿಡಿದಿರಲೂ ಹೆದರಿಕೆ. ಮರಳಿಗೆ ಇಳಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. "ನಿಮ್ಮ ಲೆಕ್ಕ ಸರಿ, ನನ್ನದು ತಪ್ಪು" ಅಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ನೀವು ಈಗ ಎಲ್ಲಿದ್ದೀರಾ? ಹೊರಗಿದ್ದೀರಾ? ದೂರ ಹೋಗಿ" ಎಂದು ಮೂರು ಸಲ ಕೇಳಿದರು.

ಈ ಗೇಟಿನೆದುರು ಕುಳಿತವನಿಗೆ ಮನಸ್ಸೆಲ್ಲ ಒಳಗಿರುವ ಗುಂಡಿನ ಮೇಲೆ ಇರಬೇಕು. ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಕಂದಕದ, ಇದೇ ಅಳತೆಯ ಇನ್ನೊಂದು ಗುಂಡಿತ್ತು. ಅದನ್ನೂ ನಾನೇ ತೂಗಿದ್ದೆ, ಇದೇ ಲೆಕ್ಕದಲ್ಲಿ. ಲೆಕ್ಕವೇ ತಪ್ಪಿದ್ದರೆ ಆ ಗುಂಡಿನ ಮೇಲೆ ನಾನು ಹಾಕಿದ್ದು ಏನು? ನೀನೂ ಈಗ ಅದನ್ನೇ ಕೇಳುತ್ತಿರುತ್ತೀಯ.

ದಳದ ಗಾಡಿ ಬಂತು. ಇಲ್ಲಿಗೆ ನಿಲ್ಲಿಸುತ್ತೇನೆ.

ದೊಡ್ಡಪ್ಪ


ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ನಾಲ್ಕು ದಿನ ನಿನ್ನನ್ನು ಕಾಯಿಸಿದ್ದಕ್ಕೆ ಕ್ಷಮಿಸು. ಯಾರಿಗೂ ಏನೂ ಆಗಲಿಲ್ಲ, ಅದನ್ನು ಮೊದಲು ಹೇಳುತ್ತೇನೆ.

ದಳದವರು ಗುಂಡನ್ನು ಊರಾಚೆಯ ಕಲ್ಲುಕ್ವಾರಿಗೆ ಒಯ್ದರು. ದೂರದಲ್ಲಿ ನಿಂತು ಯಂತ್ರದಿಂದ, ನೀರು ಹಾಯಿಸುತ್ತ ಬಿರಡೆ ಕೊರೆದರು. ಒಳಗೆ ಎಪ್ಪತ್ತಕ್ಕೂ ಮೇಲೆ ಸೀಸದ ಚಿಕ್ಕ ಗುಂಡುಗಳು, ಅವುಗಳ ನಡುವೆ ಒಂದು ಹಿಡಿ ಕರಿ ಮದ್ದು. ಸೀಸ ಕಬ್ಬಿಣಕ್ಕಿಂತ ಭಾರ. ಟೊಳ್ಳಿನಲ್ಲಿ ಕಡಿಮೆಯಾದ ತೂಕವನ್ನು ಅದೇ ತುಂಬಿಕೊಟ್ಟು, ಬರೀ ಅರ್ಧ ಕಿಲೋ ಕೊರತೆ ಉಳಿಸಿತ್ತು. ಆ ಕೊರತೆಯನ್ನು ನಾನು ನೀರಿನ ತಲೆಗೆ ಕಟ್ಟಿದ್ದೆ. ದಳದ ಅಧಿಕಾರಿ ಮದ್ದನ್ನು ತೋರಿಸಿ, "ತಾತ, ಇಷ್ಟು ವರ್ಷ ಆದ್ರೂ ಒಣಗೇ ಇದೆ ನೋಡಿ. ಬರೀ ಬಿದ್ದದ್ದಕ್ಕೆ ಬಚಾವಾದ್ವಿ, ನೀರಿಲ್ದೆ ಕೊರೆದಿದ್ರೆ ಬಿಸಿಗೆ ಹೊತ್ಕೊಳ್ಳೋದು" ಅಂದ. ಅವನಿಗೆ ನಮ್ಮ ಮನೆಯ ಕಥೆ ಗೊತ್ತಿಲ್ಲ. ಸುಮ್ಮನೆ ಮಾತಿಗೆ ಹೇಳಿದ. ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಸಂಗ್ರಹಾಲಯಕ್ಕೆ ಎರಡು ವಾರ ಬೀಗ. ನಾನು 'ನೀರು ತಿಂದದ್ದು' ಎಂದು ಬರೆದ ಚೀಟಿಗಳು ಇನ್ನೂ ಏಳು ಇದ್ದವು. ಆ ಏಳು ಗುಂಡುಗಳನ್ನೂ ದಳದವರು ಒಯ್ದರು, ಎರಡು ಟೊಳ್ಳೆಂದು ನಿನ್ನೆ ತಿಳಿಯಿತು. ನನ್ನ ಕೈಬರಹದ ಚೀಟಿಗಳನ್ನು ನಾನೇ ಒಂದೊಂದಾಗಿ ಕಿತ್ತೆ. ಮೇಡಂ ಪಕ್ಕದಲ್ಲಿ ನಿಂತಿದ್ದರು. "ಬೇರೆಯವರಾಗಿದ್ರೆ ಫೋನೇ ಮಾಡ್ತಿರ್ಲಿಲ್ಲ ಸರ್" ಅಂದರು. ಸಮಾಧಾನಕ್ಕೆ ಹೇಳಿದ್ದು. ಮೂರು ದಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ ಎಂದು ಅವರಿಗೂ ಹೇಳಿದೆ.

ಹೇಳಿಕೆ ಬರೆಸಿಕೊಳ್ಳುವಾಗ ಮೇಡಂ ಕೇಳಿದರು, "ಆವತ್ತು ನಿಮ್ಮ ತಮ್ಮ ಕೊರೆದ ಗುಂಡು ಯಾವ ರಾಶಿದು?"

"ಇದೇ ಕಂದಕದ್ದು."

"ಅದರ ಮೇಲೆ ಇಂಟು ಇತ್ತು ಅಂತ ರಿಜಿಸ್ಟರಿನಲ್ಲಿದೆ."

"ರಿಜಿಸ್ಟರಿನ ಆ ಸಾಲು ಗುಂಡು ಸಿಡಿದ ಮೇಲೆ ನಾನು ಬರೆದದ್ದು" ಅಂದೆ.

ಅವರು ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡುತ್ತ ಕುಳಿತರು. ನನ್ನ ತೂಕದ ಲೆಕ್ಕ ತಪ್ಪಿತ್ತು, ಅದೇ ಅವಘಡಕ್ಕೆ ಕಾರಣ ಇರಬಹುದು ಎಂದು ಹೇಳಿಕೆಯಲ್ಲಿ ಬರೆದು ಸಹಿ ಹಾಕಿದೆ. ಆ ಗುಂಡಿನ ಮೇಲೆ ಯಾವ ಗುರುತಿತ್ತೋ ಈಗ ಯಾರೂ ಹೇಳಲಾರರು, ಅದು ಚೂರು ಚೂರಾಗಿ ಹೋಗಿದೆ. ಆದರೂ ನಿನ್ನಪ್ಪನ ಹೆಸರಿನ ಮುಂದಿರುವ 'ಅಜಾಗರೂಕತೆ' ತೆಗೆಯಲು ಮೇಲಿನವರಿಗೆ ಬರೆಯುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದಾರೆ.

ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಎಂದಿನ ಹಾಗೆ ತಿರುಗಿ ಅನ್ನುತ್ತಾಳೆ ಎಂದು ಕಾದೆ. ಅವಳು ಎದ್ದು ಹೋಗಿ ಒಲೆಯ ಮುಂದೆ ನಿಂತಳು. ಒಲೆಯ ಮೇಲೆ ಏನೂ ಇರಲಿಲ್ಲ.

ಡಾಕ್ಟರು ಹೇಳಿದ ಆಪರೇಶನ್ನಿಗೆ ಅಪ್ಪನನ್ನು ಒಪ್ಪಿಸು. ಉಳಿದಿರುವ ಆ ಕಾಲು ಭಾಗ ದೃಷ್ಟಿ ಅವನಿಗೆ ಉಳಿಯಲಿ. ನೀನು ನೂರು ಕಾಲ ಸುಖವಾಗಿರು, ನಿನ್ನ ಅಮ್ಮನ ಬೆನ್ನುನೋವು ಕಡಿಮೆಯಾಗಲಿ.

ನಿನ್ನ ದೊಡ್ಡಪ್ಪ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ, ಯಾವ ಗುರುತಿತ್ತೋ ಯಾರೂ ಹೇಳಲಾರರು ಎಂದು. ನಾನು ಹೇಳಬಲ್ಲೆ. ಆ ದಿನಗಳಲ್ಲಿ ತೂಗಿದ್ದನ್ನು ತೂಗಿದಲ್ಲೇ ಬರೆದುಕೊಳ್ಳುತ್ತಿದ್ದ ಕಿಸೆಪುಸ್ತಕ ಈಗ ಎದುರಿಗಿದೆ. ಹತ್ತೊಂಬತ್ತು ವರ್ಷ ಟ್ರಂಕಿನ ತಳದಲ್ಲಿತ್ತು. ಮಂಗಳವಾರ ತೆಗೆದು ನೋಡಿದೆ. ಆ ಗುಂಡಿನ ಸಾಲಿನಲ್ಲಿ ತೂಕ ಬರೆದು, 'ನೀರು ತಿಂದದ್ದು' ಎಂದು ಬರೆದು, ಪಕ್ಕದಲ್ಲಿ ಸೊನ್ನೆ ಹಾಕಿದ್ದೇನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆಸ್ಪತ್ರೆಯಲ್ಲಿ ಮೂರನೆಯ ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ನಿನ್ನಪ್ಪ ನನ್ನ ಕೈ ಹಿಡಿದು ಕೇಳಿದ, "ಅಣ್ಣಾ, ನಾನು ನೋಡಿದ್ದು ಸೊನ್ನೆ ಅಂತ ಅನ್ಸುತ್ತೆ. ನಿನ್ನ ಪುಸ್ತಕ ನೋಡಿ ಹೇಳು." ಪುಸ್ತಕ ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ಜೇಬಿನ ಮೇಲೆ ಕೈ ಇಟ್ಟುಕೊಂಡು "ಇಂಟು ಹಾಕಿದ್ದೆ ಕಣೋ" ಅಂದೆ. ಅವನು ನನ್ನ ಕೈ ಬಿಟ್ಟು "ಹಾಗಾದ್ರೆ ನನ್ನ ಕಣ್ಣೇ ತಪ್ಪು ಬಿಡು" ಅಂದ. ತೆಗೆದು ನೋಡಿದ್ದರೆ ಏನು ಕಾಣುತ್ತದೆ ಎಂದು ನನಗೆ ಆಗಲೇ ಅನುಮಾನವಿತ್ತು. ಅನುಮಾನವಿದ್ದದ್ದರಿಂದಲೇ ತೆಗೆಯಲಿಲ್ಲ.

ಬಾಗಿಲಿಗೆ ಚಿಲಕ ಹಾಕಿದ ಮೇಲೂ ಅವನು "ಹಾಕಿದೀನಾ ನೋಡು" ಎಂದು ನಿನ್ನನ್ನು ಕರೆಯುತ್ತಾನಲ್ಲ, ಗ್ಯಾಸು ಆರಿಸಿ ಅಮ್ಮನನ್ನು ಕೇಳುತ್ತಾನಲ್ಲ, ನೀವಿಬ್ಬರೂ ಅದು ಕಣ್ಣಿನ ಮಂಜು ಎಂದುಕೊಂಡಿದ್ದೀರಿ. ಆಸ್ಪತ್ರೆಯಿಂದ ಬಂದಂದಿನಿಂದ ತಾನು ಕಂಡದ್ದನ್ನು ಅವನು ನಂಬಿಲ್ಲ. ಅದನ್ನು ಅವನಿಂದ ಕಿತ್ತುಕೊಂಡವನು ನಾನು.

ಮೂರೂ ಪತ್ರಗಳನ್ನು ಅವನಿಗೆ ಓದು, ಇದನ್ನೂ ಸೇರಿಸಿ. "ಸಾಕು, ಹಳೇ ಕಥೆ" ಎಂದರೂ ನಿಲ್ಲಿಸಬೇಡ. ನನ್ನನ್ನು ಏನು ಮಾಡಬೇಕೆಂದು ಆಮೇಲೆ ಅವನು ಹೇಳಲಿ. ಆಸ್ಪತ್ರೆಯಲ್ಲಿ ಅವನು ಕೇಳಿದ್ದಕ್ಕೆ ಉತ್ತರ ಕೆಳಗಿದೆ, ಇದನ್ನು ಎರಡು ಸಲ ಓದು.

ತಮ್ಮಾ, ಸೊನ್ನೆಯೇ ಇತ್ತು. ನೀನು ಸರಿಯಾಗಿಯೇ ನೋಡಿದ್ದೆ.